ರಿಪ್ಲೈ ಬಂತನೇ ತಂಗಿ?

ಕಂಪ್ಯೂಟರ್ ಇದ್ದರೆ ಕೆಲಸ ಬೇಗ ಆಗುತ್ತದೆ ಎನ್ನುವವರು ಅದರ ಮುಂದೆ ಕೂತು ಕೆಲಸ ಮಾಡಿದವರಲ್ಲ. ಬೇಗ ಆಗುವುದು ಎಡವಟ್ಟು. ಕೈಯಲ್ಲಿ ಪತ್ರ ಬರೆದರೆ ದಿನಕ್ಕೆ ನಾಲ್ಕು ಜನರ ಮುಂದೆ ಮರ್ಯಾದೆ ಹೋಗುತ್ತದೆ. ಕಂಪ್ಯೂಟರಿನಲ್ಲಾದರೆ ಒಂದು ಚಾ ಕುಡಿದು ಬರುವುದರೊಳಗೆ ನಾಲ್ಕು ಸಾವಿರ ಜನರ ಮುಂದೆ ಹೋಗಿರುತ್ತದೆ. ಮುರ್ಡೇಶ್ವರದ ಒಂದು ಲಾಡ್ಜಿನಲ್ಲಿ ಕೂತು ಈ ಸೇವೆಯನ್ನು ನಾನು ಶ್ರದ್ಧೆಯಿಂದ ಮಾಡಿದ್ದೇನೆ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷ ಆಗಿತ್ತು. ನಾನು ಹೊನ್ನಾವರದ ಒಂದು ಪ್ರೆಸ್ಸಿನಲ್ಲಿ ಮದುವೆ ಕಾಗದ ಟೈಪ್ ಮಾಡುತ್ತಿದ್ದೆ. ಲಾಡ್ಜಿನ ಮಾಲಕರು ಹೊಸದಾಗಿ ಮೂರನೇ ಮಹಡಿ ಎಬ್ಬಿಸಿದ್ದರು. ಅದರಲ್ಲಿ ಪಾರಿವಾಳ ಬಿಟ್ಟರೆ ಬೇರೆ ಯಾರೂ ಇಳಿದುಕೊಳ್ಳುತ್ತಿರಲಿಲ್ಲ. ಯಾರೋ ಹೇಳಿದರೆಂದು ಕಂಪ್ಯೂಟರ್ ತಂದರು, ಅದರೊಳಗೆ ತಾನಾಗಿಯೇ ಈಮೇಲ್ ಕಳಿಸುವ ಒಂದು ಸಾಫ್ಟ್‌ವೇರ್ ಹಾಕಿಸಿದರು. ಗುರುತು ಪರಿಚಯ ಇಲ್ಲದವರಿಗೆಲ್ಲ ಪತ್ರ ಹೋಗಬೇಕು, ಅವರಿಂದ ಉತ್ತರ ಬರಬೇಕು, ಉತ್ತರದ ಹಿಂದೆ ಗಿರಾಕಿ ಬರಬೇಕು. ಇದನ್ನೆಲ್ಲ ನೋಡಿಕೊಳ್ಳಲು ನನ್ನನ್ನು ಕರೆಸಿದರು.

ನಾನೂ ಪ್ರೆಸ್ಸಿನವರಿಗೆ "ಇನ್ನು ನನ್ನ ಕೆಲಸ ಇಂಟರ್ನೆಟ್ಟಿನಲ್ಲಿ" ಎಂದು ಹೇಳಿ, ಮಾವಳ್ಳಿಯಲ್ಲಿ ನಮ್ಮ ಕೇರಿಯ ಪ್ರತಿ ಮನೆಗೂ ಹೇಳಿ, ಬಂದು ಸೇರಿದೆ. ಮಾಲಕರು ಮೊದಲ ದಿನವೇ ಕರಾರು ಹೇಳಿದರು. "ದೀಪಾವಳಿ ಒಳಗೆ ಈ ಪೆಟ್ಟಿಗೆಯಿಂದ ಒಬ್ಬ ಗಿರಾಕಿನಾದ್ರೂ ಬರೂಕ್ ಬೇಕು ತಂಗಿ. ಇಲ್ಲಾಂದ್ರೆ ಪೆಟ್ಟಿಗೆನೂ ಬೇಡ, ನೀನೂ ಬೇಡ."

ಅಂದಿನಿಂದ ದಿನಕ್ಕೆ ಆರು ಸಲ ಬಾಗಿಲಲ್ಲಿ ತಲೆ ಹಾಕಿ ಒಂದೇ ಪ್ರಶ್ನೆ: "ರಿಪ್ಲೈ ಬಂತನೇ ತಂಗಿ?" ಅಷ್ಟು ದೊಡ್ಡ ಮಾತು ಆಡಿ ಬಂದವಳಿಗೆ ಪ್ರೆಸ್ಸಿಗೆ ವಾಪಸು ಹೋಗುವ ಮುಖ ಇರಲಿಲ್ಲ. ನಿಜ ಹೇಳುತ್ತೇನೆ, ಆ ದನಿ ಕೇಳಿದ ಕೂಡಲೇ ನಾನು ಸುಮ್ಮನೆ ಕೀಲಿಮಣೆ ಕುಟ್ಟತೊಡಗುತ್ತಿದ್ದೆ.

೧. ಲಕ್ಷ ವಿಳಾಸ

ಭಟ್ಕಳದಲ್ಲಿ ಸೀಡಿ ಮಾರುವವನೊಬ್ಬ ಮಾಲಕರಿಗೆ ಲಕ್ಷ ಈಮೇಲ್ ವಿಳಾಸ ಇರುವ ಸೀಡಿ ಕೊಟ್ಟ. ಯಾರ ವಿಳಾಸ ಎಂದು ಇವರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಸಮುದ್ರ ಕಾಣುವ ಕೋಣೆ ಇದೆ, ಬಿಸಿನೀರು ಬೆಳಿಗ್ಗೆ ಆರರಿಂದ ಎಂಟರವರೆಗೆ ಮಾತ್ರ ಎಂದು ಇಂಗ್ಲಿಷಿನಲ್ಲಿ ಬರೆದು ಎಲ್ಲರಿಗೂ ಬಿಟ್ಟೆ. ಮೂರನೇ ದಿನ ಒಂದೇ ಒಂದು ಉತ್ತರ ಬಂತು. ಬರೆದವರು ನ್ಯೂಜಿಲೆಂಡಿನ ಒಬ್ಬ ದನದ ಡಾಕ್ಟರು.

"ಎಂತ ಬರ್ದಾನೆ?" ಮಾಲಕರು ಕುರ್ಚಿ ಎಳೆದುಕೊಂಡು ಕೂತರು.

"ಇನ್ನೊಂದು ಪತ್ರ ಬಂದ್ರೆ ಪೊಲೀಸರಿಗೆ ಹೇಳ್ತೇನೆ ಅಂತ ಬರ್ದಾರೆ."

ಮಾಲಕರು ಕುರ್ಚಿಯನ್ನು ಇನ್ನೂ ಹತ್ತಿರ ಎಳೆದರು. "ಲಕ್ಷ ಜನ್ರಲ್ಲಿ ಅವ್ನೊಬ್ಬ ಉತ್ರ ಕೊಟ್ಟಾನೆ ಅಂದ್ಮೇಲೆ ಬರೂಕೆ ಮನಸು ಅದೆ. ಅವ್ನಿಗೆ ಮತ್ತೊಂದು ಕಳ್ಸು."

೨. ಯಾರು ಹೋದರು?

ಲಾಡ್ಜಿಗೆ ಇದ್ದದ್ದು ಒಂದೇ ಫೋನು. ಇಂಟರ್ನೆಟ್ಟೂ ಅದೇ ತಂತಿಯಲ್ಲಿ ಬರಬೇಕು. ಪ್ರತಿ ಪತ್ರದ ಕೊನೆಗೆ "ಕೋಣೆಗಾಗಿ ಈ ನಂಬರಿಗೆ ಕೂಡಲೇ ಫೋನ್ ಮಾಡಿರಿ" ಎಂದು ಬರೆದಿತ್ತು. ಆ ಪತ್ರಗಳು ಹೋಗುತ್ತಿದ್ದಷ್ಟು ಹೊತ್ತೂ ಆ ನಂಬರು ಎಂಗೇಜು. ಪತ್ರಗಳೋ, ಬೆಳಗಿನಿಂದ ಸಂಜೆಯವರೆಗೂ ಹೋಗುತ್ತಿದ್ದವು.

ನಾಲ್ಕನೇ ದಿನ ಕುಮಟೆಯ ಜವಳಿ ಅಂಗಡಿಯವರು ಬಂದರು. ವರ್ಷಕ್ಕೊಮ್ಮೆ ಸಂಸಾರ ಸಮೇತ ಬಂದು ಇಳಿಯುವ ಹಳೇ ಗಿರಾಕಿ. ಅವತ್ತು ಬಿಳಿ ಪಂಚೆ ಉಟ್ಟುಕೊಂಡು, ಚಪ್ಪಲಿ ಹೊರಗೆ ಬಿಟ್ಟು, ಸದ್ದಿಲ್ಲದೆ ಒಳಗೆ ಬಂದು ಮಾಲಕರ ಕೈ ಹಿಡಿದುಕೊಂಡರು.

"ಮೂರು ದಿನದಿಂದ ಫೋನ್ ಎಂಗೇಜು. ಇಷ್ಟು ಜನ ಫೋನ್ ಮಾಡೂದು ಅಂದ್ರೆ ಎಂಥ ಸುದ್ದಿ ಅಂತ ಗೊತ್ತಾತು. ಆಯಿ ಹೋದ್ರಾ?"

ಆಯಿ ಎಂದರೆ ಮಾಲಕರ ತಾಯಿ. ಅವರು ಅಷ್ಟರಲ್ಲಿ ಚಾ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. "ನಾ ಹೋಗಿದ್ರೆ ನಿಮ್ಗೆ ಚಾ ಯಾರು ತರೂದು?" ಎಂದರು.

ಬಂದವರಿಗೆ ಸಂತೋಷವೂ ಆಯಿತು, ಮುಜುಗರವೂ ಆಯಿತು. ಚಾ ಕುಡಿದು ಏಳುವಾಗ ಹೇಳಿದರು. "ನಾಲ್ಕು ರೂಮು ಬೇಕಾಗಿತ್ತು. ಹೀಂಗೆ ಸೂತಕದ ಮನೇಲಿ ಕೇಳೂದು ಹೇಂಗೆ ಅಂತ ಎದ್ರಿನ ಲಾಡ್ಜಲ್ಲಿ ಹಿಡ್ದೆ."

೩. ಚೌಕಳಿ ಪತ್ರ

ಇಂಗ್ಲಿಷ್ ನಂಬಿ ಪ್ರಯೋಜನ ಇಲ್ಲ ಎಂದು ತೀರ್ಮಾನವಾಯಿತು. ಭಟ್ಕಳದವನು ಕರ್ನಾಟಕದ್ದೇ ಎಂದು ಆಣೆ ಹಾಕಿ ಇನ್ನೊಂದು ಸೀಡಿ ಕೊಟ್ಟ. ನಾನು ಪ್ರೆಸ್ಸಿನ ಅಕ್ಷರದ ಫಾಂಟು ಬಳಸಿ ಚೆಂದದ ಕನ್ನಡದಲ್ಲಿ ಪತ್ರ ಮಾಡಿ ಬಿಟ್ಟೆ. ಮರುದಿನ ಪೆಟ್ಟಿಗೆ ತೆರೆದರೆ ಇಪ್ಪತ್ತಮೂರು ಉತ್ತರ. ಮಾಲಕರು ಅಡಿಗೆ ಭಟ್ಟರಿಗೆ ಹೇಳಿ ಶಿರಾ ಮಾಡಿಸಿದರು.

ಶಿರಾ ತಿಂದ ಮೇಲೆ ಒಂದೊಂದಾಗಿ ಓದಿದೆ. ಎಲ್ಲರೂ ಕೇಳಿದ್ದು ಒಂದೇ: ಇದೇನು ಬರೆದಿದ್ದೀರಿ? ನಮ್ಮ ಕಂಪ್ಯೂಟರಿನಲ್ಲಿದ್ದ ಅಕ್ಷರ ಅವರ ಕಂಪ್ಯೂಟರಿನಲ್ಲಿ ಇರಲಿಲ್ಲ. ಪತ್ರ ಹೋದವರಿಗೆಲ್ಲ ಚೌಕಳಿ, ಬಾಣ, ಪ್ರಶ್ನೆಚಿಹ್ನೆ ಹೋಗಿತ್ತು. ಒಬ್ಬರು ವೈರಸ್ಸೇ ಎಂದು ಕೇಳಿದ್ದರು. ಧಾರವಾಡ ಕಡೆಯ ಇತಿಹಾಸದ ಮೇಷ್ಟ್ರೊಬ್ಬರು, ಈ ಶಾಸನ ಸಿಕ್ಕಿದ್ದು ಎಲ್ಲಿ, ಕಲ್ಲಿನ ಫೋಟೋ ಇದ್ದರೆ ಕಳಿಸಿ ಎಂದು ವಿನಯದಿಂದ ಬರೆದಿದ್ದರು.

ನಾನು ತಲೆ ತಗ್ಗಿಸಿ ಕೂತೆ. ಮಾಲಕರಿಗೆ ಮಾತ್ರ ಹುರುಪು ಇಳಿಯಲಿಲ್ಲ. "ಓದೂಕೆ ಬರೂ ಹಾಂಗೆ ಬರ್ದಾಗ ಒಬ್ಬ ದನದ ಡಾಕ್ಟ್ರು. ಓದೂಕೆ ಬರ್ದೇ ಇದ್ದಾಗ ಇಪ್ಪತ್ತಮೂರು ಜನ. ಇನ್ಮೇಲೆ ಹೀಂಗೇ ಬರಿ ಮಾರಾಯ್ತಿ."

೪. ರಜೆಯ ಸಾಹೇಬರು

ಯಾರಾದರೂ ಉತ್ತರ ಬರೆದರೆ ಅವರಿಗೆ ತಾನಾಗಿಯೇ "ಧನ್ಯವಾದ" ಹೋಗುವ ಹಾಗೆ ಒಂದು ಏರ್ಪಾಡು ಮಾಡಿಟ್ಟಿದ್ದೆ. ಆ ಶುಕ್ರವಾರ ಬೆಂಗಳೂರಿನ ಒಬ್ಬ ಸಾಹೇಬರಿಗೂ ಪತ್ರ ಹೋಯಿತು. ಅವರು "ನಾನು ಸೋಮವಾರದವರೆಗೆ ರಜೆಯಲ್ಲಿದ್ದೇನೆ" ಎಂದು ತಾನಾಗಿಯೇ ಹೋಗುವ ಹಾಗೆ ಏರ್ಪಾಡು ಮಾಡಿಟ್ಟಿದ್ದರು. ನಮ್ಮದು ಧನ್ಯವಾದ ಎಂದಿತು. ಅವರದು ರಜೆ ಎಂದಿತು. ನಮ್ಮದು ಮತ್ತೆ ಧನ್ಯವಾದ.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಇನ್ನೂರು ದಾಟಿತ್ತು. ಮಾಲಕರಿಗೆ ಆನಂದವೋ ಆನಂದ. "ರಜೆಲಿದ್ರೂ ಒಂದಕ್ಕೂ ಉತ್ರ ತಪ್ಸಿಲ್ಲ, ಎಂಥ ಮರ್ಯಾದಸ್ಥ! ರಜೆ ಅದೆ ಅಂತ ಇಷ್ಟು ಸಲ ಹೇಳ್ತಾನೆ ಅಂದ್ರೆ ಬರೂಕೇ ಹೇಳೂದು." ನಾನು ವಿವರಿಸಲು ಹೋದೆ, ಕೇಳಲಿಲ್ಲ. ಮೂರನೇ ಮಹಡಿಯ ಒಂದು ಕೋಣೆ ಗುಡಿಸಿ ಹೊಸ ಸೋಪು ಇಡಿಸಿದರು. ಭಾನುವಾರ ಎರಡು ರೈಲಿಗೂ ಸ್ಟೇಶನ್ನಿಗೆ ರಿಕ್ಷಾ ಹೋಗಿ ಬಂತು.

ಸೋಮವಾರ ಸಾಹೇಬರು ಸ್ವಂತ ಕೈಯಾರೆ ಬರೆದ ಮೊದಲ ಪತ್ರ ಬಂತು. ಅದರಲ್ಲಿ ಇದ್ದದ್ದು ಎರಡೇ ಮಾತು: "ಯಾರಯ್ಯ ನೀನು?"

೫. ಮೂರನೇ ಹೇಳಿಕೆ

ದೀಪಾವಳಿಗೆ ಒಂದು ತಿಂಗಳು ಉಳಿದಿತ್ತು. ನಾನು ಪ್ರೆಸ್ಸಿನ ಹಾದಿ ಕನಸಿನಲ್ಲಿ ಕಾಣತೊಡಗಿದ್ದೆ. ಆಗ ಹೊಳೆಯಿತು, ಪತ್ರವನ್ನು ಚಿತ್ರ ಮಾಡಿ ಕಳಿಸಿದರೆ ಅಕ್ಷರ ಚೌಕಳಿ ಆಗುವುದಿಲ್ಲ. ಮಾಲಕರು "ಮರ್ಯಾದೆಯಿಂದ ಬರಿ, ಯಾಪಾರದ ನಮೂನೆ ಬೇಡ" ಎಂದರು. ನನಗೆ ಗೊತ್ತಿದ್ದ ಮರ್ಯಾದೆಯೆಲ್ಲ ಮದುವೆ ಕಾಗದದ್ದು. ಹಳೇ ಫ್ಲಾಪಿಯಿಂದ ಒಂದನ್ನು ತೆಗೆದೆ, ವರನನ್ನೂ ವಧುವನ್ನೂ ಅಳಿಸಿದೆ, ಆ ಜಾಗದಲ್ಲಿ ಮೂರನೇ ಮಹಡಿಯನ್ನು ಕೂರಿಸಿದೆ. ತಾವು ಸಕುಟುಂಬ ಸಪರಿವಾರ ಆಗಮಿಸಿ, ನಮ್ಮ ಆದರಾತಿಥ್ಯ ಸ್ವೀಕರಿಸಿ, ನೂತನ ಮೂರನೇ ಮಹಡಿಯನ್ನು ಹರಸಬೇಕಾಗಿ ವಿನಂತಿ. ಮಾಲಕರು ಓದಿ ಕಣ್ಣು ಒರೆಸಿಕೊಂಡರು. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಉಳಿದುಹೋಗಿತ್ತು. ಅದನ್ನು ಅವರೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಆಯಿ ಮಾತ್ರ ಒಪ್ಪಲಿಲ್ಲ. ನಮ್ಮ ಕಡೆ ಕಾಗದ ಕೊಟ್ಟರೆ ಕರೆದ ಹಾಗಾಗುವುದಿಲ್ಲ, ಬಾಯಲ್ಲಿ ಹೇಳಿಕೆ ಮಾಡಬೇಕು, ಅಂದರೆ ಬನ್ನಿ ಎಂದು ಬಾಯಿಬಿಟ್ಟು ಕರೆಯಬೇಕು. "ಒಂದ್ಸಲ ಕರದ್ರೆ ಬಾಯಿಮಾತು. ಎರಡ್ಸಲ ಕರದ್ರೆ ಮನಸು. ಮೂರನೇ ಸಲಕ್ಕೂ ಬರ್ಲಿಲ್ಲ ಅಂದ್ರೆ ಸಿಟ್ಟು ಅಂತ ಲೆಕ್ಕ" ಎಂದರು.

ಸಾಫ್ಟ್‌ವೇರಿನಲ್ಲಿ ಅದಕ್ಕೂ ಅನುಕೂಲ ಇತ್ತು. ಉತ್ತರ ಬರೆಯದವರಿಗೆ ಎಂಟು ದಿನ ಬಿಟ್ಟು ಎರಡನೆಯದು, ಮತ್ತೆ ಎಂಟು ದಿನ ಬಿಟ್ಟು ಮೂರನೆಯದು ತಾನಾಗಿಯೇ ಹೋಗುತ್ತದೆ. ಆಯಿ ಹೇಳಿದರು, ನಾನು ಬರೆದುಕೊಂಡು ಅವನ್ನೂ ಚಿತ್ರ ಮಾಡಿದೆ. ಎರಡನೆಯದು: "ನಿಮ್ಮ ದಾರಿ ನೋಡುತ್ತಿದ್ದೇವೆ, ಮನೆಯಲ್ಲಿ ಎಲ್ಲರೂ ಕ್ಷೇಮವೇ?" ಮೂರನೆಯದು: "ನೀವು ಬಾರದ್ದರಿಂದ ನಮಗೆ ಬಹಳ ಬೇಸರವಾಗಿದೆ. ನಮ್ಮಿಂದ ಏನಾದರೂ ತಪ್ಪಾಯಿತೇ? ಈ ಸಲ ಮನೆಯಲ್ಲಿ ಯಾರನ್ನೂ ಬಿಡದೆ ಬರಬೇಕು."

ಎರಡನೆಯದು ಹೋಗಿ ಐದನೇ ದಿನ ಲಾಡ್ಜಿನ ಮುಂದೆ ಒಂದು ಬಸ್ಸು ನಿಂತಿತು. ಹಾವೇರಿ ಕಡೆಯ ಒಬ್ಬ ಹೆಡ್ ಮಾಸ್ತರರು, ಹಿಂದಿನಿಂದ ನಲವತ್ತು ಜನ. ಕೈಯಲ್ಲಿ ರೊಟ್ಟಿ ಗಂಟು, ಶೇಂಗಾ ಚಟ್ನಿಯ ಡಬ್ಬಿ.

"ಎರಡೆರಡು ಸಲ ಕರದೀರಿ, ಮನಿಯವರನ್ನೆಲ್ಲ ಕೇಳೀರಿ. ಬರದಿದ್ರ ಹೆಂಗ್ರಿ?" ಎಂದು ಅವರು ಕೈ ಮುಗಿದರು.

ಮಾಲಕರು ನನ್ನ ಕಡೆ ನೋಡಿ ನಕ್ಕರು. ಮೂರನೇ ಮಹಡಿ ತುಂಬಿತು. ಪಾರಿವಾಳಗಳು ನೀರಿನ ಟಾಕಿಗೆ ಹೋದವು. ಕೆಲಸ ಉಳಿಯಿತೆಂದು ನನ್ನ ಕಣ್ಣಲ್ಲಿ ನೀರು ಬಂತು. ಎರಡು ದಿನ ಅಡಿಗೆ ಭಟ್ಟರು ಒಲೆ ಬಿಟ್ಟು ಏಳಲಿಲ್ಲ.

ಹೊರಡುವ ಹೊತ್ತಿಗೆ ಮಾಲಕರು ಬಿಲ್ಲು ಹಿಡಿದು ನಿಂತರು. ಹೆಡ್ ಮಾಸ್ತರರು ಅದನ್ನು ನೋಡಲೂ ಇಲ್ಲ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಅಕ್ಷತೆ ತರಿಸಿ, ಮಾಲಕರ ತಲೆಯ ಮೇಲೆ ಹಾಕಿಸಿದರು. ನಲವತ್ತೊಂದು ಸಲ. ಆಮೇಲೆ ಜೇಬಿನಿಂದ ನಮ್ಮ ಪತ್ರದ ಪ್ರಿಂಟು ತೆಗೆದು ಅಡಿಯ ಸಣ್ಣ ಸಾಲನ್ನು ತೋರಿಸಿದರು. ಉಡುಗೊರೆ ಬೇಡ, ಆಶೀರ್ವಾದವೇ ಉಡುಗೊರೆ.

"ಹಿಂಗ ಬರದು ಕರದವ್ರನ್ನ ನಾ ನೋಡಿಲ್ರೀ," ಎಂದರು. "ಈ ಕಾಲದಾಗ ಯಾರು ಕರೀತಾರ?"

ಮಾಲಕರು ಏನೋ ಹೇಳಲು ಬಾಯಿ ತೆರೆದರು. ಆಯಿ ಹಿಂದಿನಿಂದ ಪಂಚೆ ಜಗ್ಗಿದರು. "ಕರ್ದು ಊಟ ಹಾಕಿ ದುಡ್ಡು ಕೇಳೂದನಾ? ಸುಮ್ನಿರು." ಬಸ್ಸು ಹೋಯಿತು.

ಆ ಗದ್ದಲದಲ್ಲಿ ನಾನು ಒಂದು ವಿಷಯ ಮರೆತೆ. ಸಾಫ್ಟ್‌ವೇರಿಗೆ ಗೊತ್ತಾಗುವುದು ಬರೆದ ಉತ್ತರ ಮಾತ್ರ. ಹೆಡ್ ಮಾಸ್ತರರು ಉತ್ತರ ಬರೆದಿರಲಿಲ್ಲ, ಖುದ್ದಾಗಿ ಬಂದಿದ್ದರು. ಅದರ ಲೆಕ್ಕದಲ್ಲಿ ಅವರು ಇನ್ನೂ ಬಾರದವರು. ಅವರು ಊರು ಮುಟ್ಟಿದ ಮರುದಿನ ಮೂರನೇ ಹೇಳಿಕೆ ಹೋಯಿತು.

ನಾಲ್ಕು ದಿನ ಕಳೆದ ಮೇಲೆ ಮಾಲಕರು ಬಾಗಿಲಲ್ಲಿ ತಲೆ ಹಾಕಿದರು. ದನಿಯಲ್ಲಿ ಮೊದಲಿನ ಹುರುಪು ಇರಲಿಲ್ಲ, ಅಭ್ಯಾಸ ಇತ್ತು. "ರಿಪ್ಲೈ ಬಂತನೇ ತಂಗಿ?"

"ಬಂತು," ಎಂದೆ. ಓದಿದೆ.

"ಪೂಜ್ಯರೇ, ನಾವು ಬಂದದ್ದು ತಮಗೆ ಬಂದ ಹಾಗೆ ಅನ್ನಿಸಲಿಲ್ಲ ಎಂದು ತಿಳಿದು ಬಹಳ ನಾಚಿಕೆಯಾಯಿತು. ನಲವತ್ತೊಂದೇ ಜನ ಬಂದದ್ದು ನಮ್ಮದೇ ತಪ್ಪು. ತಿಳಿಸಲು ಫೋನ್ ಮಾಡಿದರೆ ಎಂಗೇಜು. ಈ ಸಲ ಯಾರನ್ನೂ ಬಿಟ್ಟಿಲ್ಲ. ಎರಡು ಬಸ್ಸು ಮಾಡಿದ್ದೇವೆ. ನಾಳೆ ಮಧ್ಯಾಹ್ನದ ಊಟಕ್ಕೆ ತಲುಪುತ್ತೇವೆ."

ಮಾಲಕರು ಬೇಡ ಎಂದು ಹೇಳೋಣವೇ ಎಂದು ಆಯಿಯ ಮುಖ ನೋಡಿದರು. ಆಯಿ, "ಮೂರು ಸಲ ಹೇಳ್ಕೆ ಮಾಡಿ ಬೇಡ ಅನ್ನೂಕೆ ಆತದನಾ?" ಎಂದು ಒಳಗೆ ಹೋದರು. ಅಡಿಗೆ ಭಟ್ಟರು ಕತಗಾಲದ ಹವ್ಯಕರು, ಅವರು ಯಾವುದಕ್ಕೂ ಗಾಬರಿಯಾಗುವವರಲ್ಲ. ಒಳಗಿನಿಂದಲೇ ಹೇಳಿದರು. "ಅಕ್ಕಿ ಇದ್ದು. ಕಾಯಿ ತುರಿಯಲೆ ಮಾತ್ರ ಜನ ಇಲ್ಲೆ, ಒಬ್ರು ಬೇಕು."

ಮಾಲಕರು ನಿಧಾನವಾಗಿ ಬಂದು ಗೋಡೆಯಲ್ಲಿದ್ದ ಕಂಪ್ಯೂಟರಿನ ಪ್ಲಗ್ಗು ಕಿತ್ತರು. ನಾನು ಕುರ್ಚಿ ಬಿಟ್ಟು ಎದ್ದೆ.

"ನನ್ನ ಕೆಲಸ?" ಎಂದು ಕೇಳಿಯೇ ಬಿಟ್ಟೆ.

"ನಾ ಮಾತಿಗೆ ತಪ್ಪೂ ಜನ ಅಲ್ಲ. ಗಿರಾಕಿ ಬಂದ್ರೆ ಕೆಲ್ಸ ಅಂದಿದ್ದೆ, ಬಂದ್ರು. ಕೆಲ್ಸ ಅದೆ," ಎಂದರು ಮಾಲಕರು. "ಈಳಿಗೆಮಣೆ ಆ ಬಾಗ್ಲ ಹಿಂದೆ ಅದೆ. ಈಗ್ಲೇ ಶುರು ಮಾಡು."