ಅಡ್ಡ ನಿಲ್ಲುವ ನಮ್ಮವರು

ನಮ್ಮವರು ತಮ್ಮ ಇಡೀ ಫುಟ್ಬಾಲ್ ಜೀವನದಲ್ಲಿ ಹೊಡೆದದ್ದು ಒಂದೇ ಒಂದು ಗೋಲು. ಅದೂ ತಮ್ಮದೇ ತಂಡದ ಗೋಲಿನೊಳಗೆ! ಇಂಥವರಿಗೆ ಮುಂಬಯಿಯ ಬಟ್ಟೆ ಗಿರಣಿಯೊಂದು ವರ್ಷಗಟ್ಟಲೆ ಸಂಬಳ ಕೊಟ್ಟು ಆಡಿಸಿತು ಎಂದರೆ, ಆ ಗಿರಣಿ ಮುಚ್ಚಿದ್ದರಲ್ಲಿ ಆಶ್ಚರ್ಯವೇನಾದರೂ ಉಂಟೇ? ಹೆಸರು ಮಾತ್ರ ಕೇಳಬೇಡಿ. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಸುಮ್ಮನೆ ಹೇಳುವುದಿಲ್ಲ, ಒಂದು ಒಗಟು ಕಟ್ಟಿ ಅದರೊಳಗೆ ಸೇರಿಸಿ ಹೇಳುತ್ತೇವೆ. ಇವರಿಗಾಗಿ ಒಗಟು ಕಟ್ಟುವಷ್ಟು ಪುರುಸೊತ್ತು ನನಗೆ ಇನ್ನೂ ಸಿಕ್ಕಿಲ್ಲ.

ಇವರು ನನ್ನ ಗಂಡ ಮಾತ್ರವಲ್ಲ, ನನ್ನ ಅವ್ವನ ಖಾಸಾ ತಮ್ಮ. ನಾನು ಕರೋಶಿಯಲ್ಲಿ ಹುಟ್ಟಿದಾಗ ಅವ್ವನ ತಾಯಿ, ನಮ್ಮ ಆಯಿ, ಐಗಳಿಯಿಂದ ಬಂದು ತೊಟ್ಟಿಲಿಗೆ ಕೈ ಹಚ್ಚಿ "ಇಕಿ ನನ್ನ ಮಗನ ಹೇಣ್ತಿ" ಎಂದು ಮಾತು ಮುಗಿಸಿಬಿಟ್ಟಳಂತೆ. ನಾನು ಆಗ ಕಿರುಚಿ ಅಳುತ್ತಿದ್ದೆನಂತೆ. ಹಸಿವೆ ಇರಬೇಕೆಂದು ಎಲ್ಲರೂ ತಿಳಿದರು!

ಐಗಳಿಯಲ್ಲಿ ಅವರದು ದ್ರಾಕ್ಷಿ ತೋಟದ ಮನೆತನ. ಮಗ ಓದಲಿ ಎಂದು ಕೊಲ್ಲಾಪುರಕ್ಕೆ ಕಳಿಸಿದರು. ಅಲ್ಲಿ ಪೇಟೆಗೊಂದು ತಾಲೀಮು, ಅಂದರೆ ಗರಡಿ ಮನೆ, ತಾಲೀಮಿಗೊಂದು ಫುಟ್ಬಾಲ್ ತಂಡ. ಇವರು ಪುಸ್ತಕ ಕೆಳಗಿಟ್ಟು ಬೂಟು ಕಟ್ಟಿಕೊಂಡರು. ಅಲ್ಲಿಂದ ಮುಂಬಯಿಯ ಗಿರಣಿ. ಎಲ್ಲ ಕಡೆಗೂ ಇವರು 'ಬ್ಯಾಕ್'. ಅಂದರೆ ಹಿಂದೆ ನಿಲ್ಲುವುದು, ಬಂದವರಿಗೆ ಅಡ್ಡ ಹಾಕುವುದು, ಚೆಂಡು ಸಿಕ್ಕರೆ ಕಣ್ಣಿಗೆ ಕಾಣದಷ್ಟು ದೂರ ಒದೆಯುವುದು. ನಮ್ಮ ಎಮ್ಮೆ ಇದಿಷ್ಟನ್ನೂ ಸಂಬಳವಿಲ್ಲದೆ ಮಾಡುತ್ತಿತ್ತು.

ಬ್ಯಾಕ್ ಆಡುವವರಿಗೆ ಒಂದು ಪಾಠವಿದೆಯಂತೆ. ಎದುರಿನವನ ಕಣ್ಣು ನೋಡಬಾರದು, ಕಣ್ಣು ಮೋಸ ಮಾಡುತ್ತದೆ. ಸೊಂಟ ನೋಡಬೇಕು. ಸೊಂಟ ಯಾವ ಕಡೆ ತಿರುಗುತ್ತದೋ ಆಳು ಆ ಕಡೆಗೇ ಹೋಗುತ್ತಾನೆ. ಪಾಠ ಮೈದಾನದಲ್ಲಿ ಚೆನ್ನ. ಆದರೆ ನಮ್ಮ ಮದುವೆಯಲ್ಲಿ ಅಂತರಪಟ ಸರಿದು, ಅಕ್ಷತೆ ಬಿದ್ದು, ಊರವರೆಲ್ಲ ಕತ್ತು ಉದ್ದ ಮಾಡಿ ನೋಡುತ್ತಿರುವಾಗ, ಇವರು ನನ್ನ ಮುಖ ಬಿಟ್ಟು ನೆಟ್ಟ ನೋಟದಿಂದ ಸೊಂಟವನ್ನೇ ನೋಡುತ್ತ ನಿಂತರಲ್ಲ! ನಾನು ನಾಚಿಕೆಯಿಂದ ಒಂದು ಹೆಜ್ಜೆ ಆಚೆ ಸರಿದೆ. ಇವರೂ ಸರಿದರು. ಈಚೆ ಬಂದೆ. ಇವರೂ ಬಂದರು. ಕೈಯಲ್ಲಿ ಹಾರ ಹಿಡಿದುಕೊಂಡು ನಾನು ಕುಣಿದಂತಾಯಿತು.

ನನ್ನ ದೊಡ್ಡವ್ವ, ಅಪ್ಪನ ಅಣ್ಣನ ಹೆಂಡತಿ, ತಡೆಯಲಾರದೆ ಅವ್ವನಿಗೆ ಹೇಳಿಯೇಬಿಟ್ಟಳು: "ಏನ ಬೇ, ನಿನ್ನ ತಮ್ಮಗ ಮಂದಿ ಮುಂದ ನಾಚಿಕಿ ಅನ್ನೂದು ಐತೋ ಇಲ್ಲೋ?"

ಅವ್ವ ತಲೆ ತಗ್ಗಿಸಿ ಅಂದಳು: "ಹಂಗ ನೋಡೂದಕ್ಕ ಅವಗ ಪಗಾರ ಕೊಡ್ತಾರ ಅಕ್ಕಾ."

ಎಂಬತ್ತರ ದಶಕ ಮುಗಿಯುವ ಮೊದಲೇ ಗಿರಣಿ ಬಾಗಿಲು ಹಾಕಿತು. ಇವರು ಐಗಳಿಗೆ ಬಂದು ಕೂತರು. ಕೂತರು ಎಂದೆನೇ? ತಪ್ಪಾಯಿತು, ನಿಂತರು. ಯಾವಾಗಲೂ ಬಾಗಿಲಲ್ಲಿ, ಇಲ್ಲವೇ ತೋಟದ ಗೇಟಿನಲ್ಲಿ. ದ್ರಾಕ್ಷಿ ಹಣ್ಣಾದ ಕಾಲಕ್ಕೆ ಸಾಂಗಲಿಯ ವ್ಯಾಪಾರಿ ಮಾಲು ನೋಡಲು ಬಂದ. ನಮ್ಮವರು ಗೇಟಿನಲ್ಲಿ ಮಾತಾಡುತ್ತ ನಿಂತಿದ್ದಾರೆ. ಅವನು ಒಳಗೆ ಬರಲು ಬಲಕ್ಕೆ ಬಂದರೆ ಇವರು ಅಲ್ಲಿ, ಎಡಕ್ಕೆ ಹೋದರೆ ಇವರು ಇಲ್ಲಿ. ಬೇಕೆಂದು ಮಾಡುತ್ತಿರಲಿಲ್ಲ, ಮೈಯೇ ಹಾಗೆ ಸರಿಯುತ್ತಿತ್ತು! ಆಯಿ ಒಳಗಿನಿಂದ ಕೂಗಿದಳು: "ಲೇ ಬಾಬಾ, ಅಂವ ದ್ರಾಕ್ಷಿ ನೋಡಾಕ ಬಂದಾನ, ಗೋಲ್ ಹೊಡ್ಯಾಕ ಬಂದಿಲ್ಲ! ಬಿಡೋ ಅವನ್ನ!" ಅಷ್ಟರಲ್ಲಿ ವ್ಯಾಪಾರಿ ಬೇಸತ್ತು ಪಕ್ಕದ ತೋಟಕ್ಕೆ ಹೋಗಿಯಾಗಿತ್ತು. ಇವರ ಮುಖದಲ್ಲಿ ಏನೋ ಗೆದ್ದ ಕಳೆ.

ಇಂಥ ಆಳನ್ನು ನಿಪ್ಪಾಣಿಯ ತಂಬಾಕು ವ್ಯಾಪಾರಿಗಳು ತಮ್ಮ ಫುಟ್ಬಾಲ್ ತಂಡಕ್ಕೆ ಮ್ಯಾನೇಜರ್ ಮಾಡಿಕೊಂಡರು. ಮ್ಯಾನೇಜರ್ ಎಂದಾಗ ನಾನು ಮೇಜು, ಕುರ್ಚಿ, ತಲೆಯ ಮೇಲೊಂದು ಫ್ಯಾನು ಎಂದುಕೊಂಡು ಹೊಸ ಸೀರೆ ಉಟ್ಟು ನಿಪ್ಪಾಣಿಗೆ ಬಂದೆ. ಸಿಕ್ಕಿದ್ದು ಒಂದು ಸೀಟಿ, ಒಂದು ಚೀಲ ಚೆಂಡು. ಆ ಚೆಂಡುಗಳ ಕೆಸರು ತೊಳೆಯುವ ನೌಕರಿ ನನ್ನದು.

ಆಟಗಾರರೆಲ್ಲ ಕಬ್ಬು, ತಂಬಾಕು, ದನಕರು ಎಂದು ದುಡಿಯುವ ಮನೆಗಳವರು. ಅವರಿಗೆ ಬ್ಯಾಕ್ ಸಾಲು ಮುರಿಯದಂತೆ ಒಟ್ಟಿಗೆ ಸರಿಯುವುದನ್ನು ಕಲಿಸಬೇಕು. ಇವರಿಗೆ ಹೊಳೆದದ್ದು ಹಂತಿ! ಕಣದ ನಡುವೆ ಮೇಟಿ ಕಂಬ ನೆಟ್ಟು, ಎತ್ತುಗಳ ಕೊರಳನ್ನು ಸಾಲಾಗಿ ಒಂದೇ ಹಗ್ಗಕ್ಕೆ ಕಟ್ಟಿ, ತೆನೆ ತುಳಿಸುತ್ತ ಸುತ್ತಿಸುತ್ತಾರಲ್ಲ, ಅದೇ. ಮೇಟಿಯ ಹತ್ತಿರದ ಎತ್ತು ನಿಧಾನ, ಹೊರಗಿನದು ಓಡಬೇಕು, ಸಾಲು ಮಾತ್ರ ನೆಟ್ಟಗಿರಬೇಕು. ಇವರು ನಾಲ್ಕು ಜನ ಬ್ಯಾಕುಗಳ ಸೊಂಟಕ್ಕೆ ಹಗ್ಗ ಬಿಗಿದು, ಗೋಲಿನ ಕಂಬವನ್ನೇ ಮೇಟಿ ಮಾಡಿ, ಬೆಳಗಾದರೆ ಸುತ್ತಿಸತೊಡಗಿದರು. ಹಾಲಿಗೆ ಹೊರಟ ಹೆಂಗಸರು ನಿಂತು ನೋಡುತ್ತಿದ್ದರು. "ವೈನಿ, ನಿಮ್ಮ ಯಜಮಾನ್ರು ಇವರಿಗೆ ಹಿಂಡಿ ಯಾವಾಗ ಇಡ್ತಾರ್ರಿ?" ಎಂದು ಒಬ್ಬಳು ನನ್ನನ್ನು ಕೇಳಿದಳು.

ಮುಂದೆ ರಾಯಬಾಗದಲ್ಲಿ ಮ್ಯಾಚ್. ಎದುರಿಗೆ ಕೊಲ್ಲಾಪುರದ ತಂಡ. ಅವರ ಆಟಗಾರ ಚೆಂಡು ತೆಗೆದುಕೊಂಡು ಎಡಬದಿಗೆ ಓಡಿದ. ನಮ್ಮ ಸಾಲು ಎಂಥ ಚೆಂದ ಸರಿಯಿತು ಅಂತೀರಿ! ಒಳಗಿನವ ನಿಧಾನ, ಹೊರಗಿನವ ಓಟ, ಗೆರೆ ಎಳೆದಷ್ಟು ನೆಟ್ಟಗೆ. ಆದರೆ ಹಂತಿ ಎಂದರೆ ಸುತ್ತು ಪೂರ್ತಿ ಮಾಡಬೇಕಲ್ಲ? ಮಾಡಿದರು. ನಾಲ್ವರೂ ಗರ್ರನೆ ತಿರುಗಿ ತಮ್ಮ ಗೋಲಿಗೇ ಮುಖ ಮಾಡಿ ನಿಂತಾಗ, ಎದುರಿನವ ಹಿಂದಿನಿಂದ ಬಂದು, ನಡುವೆ ಹಾದು, ಸಾವಕಾಶ ಗೋಲು ಹೊಡೆದ. ಪ್ರೇಕ್ಷಕರಲ್ಲಿ ಯಾರೋ ಕಣದಲ್ಲಿ ಹಾಡುವ ಹಂತಿ ಪದ ಎತ್ತಿದರು. ಉಳಿದವರೆಲ್ಲ ದನಿಗೂಡಿಸಿದರು.

ಮನೆಗೆ ಬಂದಮೇಲೆ ನಾನು ಬಿಡಲಿಲ್ಲ. "ಮಾಮಾ, ಊರೆಲ್ಲಾ ನಗಾಕತ್ತೈತ್ರಿ."

"ನಗಲಿ. ಸಾಲು ಮುರೀಲಿಲ್ಲ, ನೋಡಿದ್ಯಾ ಪೋರಿ?"

ಇಂಥವರ ಜೊತೆ ಏನು ವಾದ ಮಾಡುವುದು!

ಆಮೇಲೆ ತಂಡ ಅಷ್ಟಿಷ್ಟು ಗೆಲ್ಲತೊಡಗಿತು. ಇವರ ಪ್ರತಾಪವೆಂದು ತಿಳಿಯಬೇಡಿ. ಬೀರಪ್ಪ ಎಂಬ ಬ್ಯಾಕ್ ಸಿಕ್ಕಿದ್ದ. ಐಗಳಿಯ ಕುರಿಗಾರರ ಮನೆಯವನು, ಹೆಂಡತಿ, ಒಂದು ಕೂಸು. ಇವರೇ ಅವನನ್ನು ಕರೆತಂದು ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಇಟ್ಟುಕೊಂಡಿದ್ದರು. ಅವನು ನಡುವೆ ನಿಂತನೆಂದರೆ ಎದುರಿನವರ ಆಟ ಅಲ್ಲಿಗೇ ಬಂದ್! ತೊಂಬತ್ತರ ದಶಕದ ನಡುವೆ ಚಿಕ್ಕೋಡಿಯಲ್ಲಿ ಒಂದು ಫೈನಲ್ ಬಂತು. ಪುಣೆಯ ಕಾರ್ಖಾನೆಯೊಂದರವರು ತಮ್ಮ ತಂಡಕ್ಕೆ ಆಟಗಾರರನ್ನು ಆರಿಸಲು ಬರುತ್ತಾರೆಂದು ಸುದ್ದಿ. ಬೀರಪ್ಪ ಅವರ ಕಣ್ಣಿಗೆ ಬಿದ್ದರೆ ಖಾಯಂ ನೌಕರಿ. ಕುರಿಗಳ ಹಿಂದೆ ಊರೂರು ಅಲೆಯುವುದು ತಪ್ಪಿ, ಹೆಂಡತಿ ಮಗುವಿನ ಜೊತೆ ಒಂದು ಸೂರಿನ ಕೆಳಗೆ ಇರಬಹುದಿತ್ತು. ಅವನ ಹೆಂಡತಿ ಆಗಲೇ ನನ್ನನ್ನು ಪುಣೆಯ ಚಳಿ ಹೇಗಿರುತ್ತದೆ ಎಂದು ಕೇಳಿದ್ದಳು.

ಆದರೆ ಹಿಂದಿನ ಮ್ಯಾಚಿನಲ್ಲಿ ಬೀರಪ್ಪನ ಮೊಣಕಾಲು ಹೊರಳಿ ಬಾತುಕೊಂಡಿತ್ತು. ತವರು ಹತ್ತಿರವೆಂದು ನಾನೂ ಚಿಕ್ಕೋಡಿಗೆ ಹೋಗಿದ್ದೆ, ನಡೆದದ್ದೆಲ್ಲ ನನ್ನ ಕಣ್ಣೆದುರಿಗೇ. ತಂಡದ ಅಧ್ಯಕ್ಷರು ಡಾಕ್ಟರನ್ನು ಡೇರೆಯ ಹತ್ತಿರ ಕರೆತಂದರು. "ಒಂದ ಸೂಜಿ ಹಾಕ್ಸ್ರಿ, ನೋವು ಗೊತ್ತಾಗೂದಿಲ್ಲ. ಖೇಳೂ ದ್ಯಾ ತ್ಯಾಲಾ, ಆಡಲಿ!" ಎಂದರು.

"ಬ್ಯಾಡ್ರಿ," ಎಂದರು ನಮ್ಮವರು.

ಬೀರಪ್ಪ ಕುಂಟುತ್ತ ಎದ್ದು ಬಂದ. "ಅಣ್ಣಾರ, ಕೈ ಮುಗೀತೀನ್ರಿ. ಇವತ್ತೊಂದ ದಿನ ಆಡಸ್ರಿ. ಕಾಲ ನಂದು, ನೋವೂ ನಂದು."

"ಬ್ಯಾಡಂದ್ರ ಬ್ಯಾಡ."

ಡೇರೆಯ ಬಾಗಿಲಲ್ಲಿ ಅಡ್ಡ ನಿಂತರು ನೋಡಿ! ಡಾಕ್ಟರನ್ನು ಒಳಗೆ ಬಿಡಲಿಲ್ಲ, ಬೀರಪ್ಪನನ್ನು ಹೊರಗೆ ಬಿಡಲಿಲ್ಲ. ಮ್ಯಾಚ್ ಶುರುವಾಯಿತು. ನಮ್ಮ ತಂಡ ಹೀನಾಯವಾಗಿ ಸೋತಿತು. ಪುಣೆಯವರು ಎದುರು ತಂಡದ ಆಟಗಾರನೊಬ್ಬನ ಹೆಗಲ ಮೇಲೆ ಕೈ ಹಾಕಿಕೊಂಡು ಜೀಪು ಹತ್ತಿದರು. ಅಧ್ಯಕ್ಷರು ಎಲ್ಲರೆದುರಿಗೆ, "ನಾಳಿಂದ ನೀವು ಬರೂದು ಬ್ಯಾಡ," ಎಂದು ಹೇಳಿ ಬೆನ್ನು ತಿರುಗಿಸಿದರು. ಆಟಗಾರರು ಇವರ ಮುಖವನ್ನೂ ನೋಡಲಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. "ಜೀವನದಾಗ ಒಬ್ಬರನ್ನರ ಮುಂದ ಹೋಗಗೊಟ್ಟೀರ್ಯಾ, ಮಾಮಾ? ನಿಮ್ಮ ಕೈಲೆ ಆಗಲಿಲ್ಲ ಅಂತ ಆ ಹುಡುಗನ ಬಾಯಾಗೂ ಮಣ್ಣು ಹಾಕಿದಿರಿ!" ಎಂದೆ. ಇವರು ಬಟ್ಟೆಯ ಪಟ್ಟಿಯೊಂದನ್ನು ಹಿಡಿದುಕೊಂಡು, ನಾವು ಬಂದಿದ್ದ ಟೆಂಪೋದ ಮರೆಯಲ್ಲಿ ನೆಲದ ಮೇಲೆ ಕೂತು ಅಳುತ್ತಿದ್ದ ಬೀರಪ್ಪನ ಹತ್ತಿರ ಹೋದರು. ನಾನೂ ಬೈಯುವುದು ಇನ್ನೂ ಉಳಿದಿತ್ತೆಂದು ಹಿಂದೆಯೇ ಹೋದೆ.

ಮುಂಬಯಿಯಿಂದ ಬಂದಾಗಿನಿಂದ ಇವರ ಬಲ ಮೊಣಕಾಲು ಮಡಚುವುದಿಲ್ಲ. ಟೆಂಪೋದ ಗಾಲಿ ಹಿಡಿದು, ಕಾಲು ಉದ್ದ ಚಾಚಿ, ಹೇಗೋ ನೆಲಕ್ಕೆ ಕೂತರು.

"ಮುಟ್ಟಬ್ಯಾಡ್ರಿ ನನ್ನ," ಎಂದ ಬೀರಪ್ಪ.

"ಮುಟ್ಟೂದಿಲ್ಲ, ಕೇಳ. ಮುಂಬೈದಾಗ ನಂದೂ ಹಿಂಗ ಬಾತಿತ್ತು. ಸೂಜಿ ಹಾಕಿದ್ರು, ಆಡಿದೆ. ಮತ್ತ ಹಾಕಿದ್ರು, ಮತ್ತ ಆಡಿದೆ. ಎಲ್ಲಾರೂ ಶಾಬ್ಬಾಸ್ ಅಂದ್ರು. ಒಬ್ಬರೂ ಬ್ಯಾಡ ಅನ್ನಲಿಲ್ಲೋ ಬೀರ್ಯಾ. ಒಬ್ಬರರ ಅಡ್ಡ ಬಂದಿದ್ರ..." ಮಾತು ಅಲ್ಲಿಗೇ ನಿಂತಿತು. "ನಿನ್ನ ಕಾಲು ಇದ್ರ ಮುಂದಿನ ವರ್ಷ ಪುಣೆದವ್ರು ಮತ್ತ ಬರ್ತಾರ. ಬರದಿದ್ರ ನಾನಽ ಕರಕೊಂಡ ಹೋಗತೀನಿ ನಿನ್ನ."

ನನಗೆ ಈ ಮಾತು ಯಾವತ್ತೂ ಹೇಳಿರಲಿಲ್ಲ. ಮೈದಾನದಲ್ಲಿ ಪೆಟ್ಟು ಬಿತ್ತು, ಅಷ್ಟೇ ಎಂದಿದ್ದರು.

ಬೀರಪ್ಪ ಮೂಗು ಒರೆಸಿಕೊಂಡು, ಬಾತ ಕಾಲನ್ನು ಎರಡೂ ಕೈಯಿಂದ ಎತ್ತಿ ಇವರ ತೊಡೆಯ ಮೇಲಿಟ್ಟ. ಇವರು ಪಟ್ಟಿ ಸುತ್ತತೊಡಗಿದರು. ಮುಂದಕ್ಕೆ ಬಾಗಲು ಆಗುತ್ತಿರಲಿಲ್ಲ, ಪಟ್ಟಿ ಜಾರುತ್ತಿತ್ತು. ನಾನು ಎದುರಿಗೆ ಕೂತು ಪಟ್ಟಿಯ ಇನ್ನೊಂದು ತುದಿ ಹಿಡಿದೆ.

"ಸಾವಕಾಶ ಪೋರಿ, ಅವಗ ನೋವಾಕ್ಕೈತಿ," ಎಂದರು.

"ಮತ್ತ ನಿಮಗ ನೋವಿಲ್ಲೇನ್ರಿ, ಮಾಮಾ?"

ಇವರು ತಲೆ ಎತ್ತಿ ನನ್ನ ಕಣ್ಣು ನೋಡಿ, "ಈಗ ಇಲ್ಲ ಬಿಡ," ಎಂದರು.