ಬೀಗರ ಬಚ್ಚಲಲ್ಲಿ ನಿಂತುಹೋದ ಎಣಿಕೆ

ಜಮಖಂಡಿ, ಮುಧೋಳ, ಬೀಳಗಿ ಈ ಮೂರೂ ತಾಲೂಕುಗಳಲ್ಲಿ ಪರರ ಮನೆಯ ಬಚ್ಚಲಲ್ಲಿ ಅತಿ ಹೆಚ್ಚು ಸ್ನಾನ ಮಾಡಿದ ಮನುಷ್ಯ ಯಾರು ಎಂದು ಕೇಳಿದರೆ, ನಾನು ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡು ಕೊಡಬೇಕಾದ ಉತ್ತರ ಒಂದೇ: ನಮ್ಮ ಕಾಕಾ! ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಸೋಪಿನ ಡಬ್ಬಿ, ಅಂಗಿಯ ಜೇಬಿನಲ್ಲಿ ಶಾಂಪೂ ಪಾಕೀಟು. ತಲೆಯಲ್ಲಿ ಕೂದಲೆಷ್ಟು ಅಂತೀರಾ? ಕೂತು ಎಣಿಸಿದರೂ ಬೇಸರ ಬರುವುದಿಲ್ಲ, ಅಷ್ಟು!

ಹಾಗಂತ ಅವರ ಮನೆಯಲ್ಲಿ ಬಚ್ಚಲಿಲ್ಲ ಎಂದುಕೊಳ್ಳಬೇಡಿ. ಬನಹಟ್ಟಿಯಲ್ಲಿ ಸ್ವಂತ ಮನೆ, ಪಕ್ಕದಲ್ಲಿ ಮಗ ನೋಡಿಕೊಳ್ಳುವ ನಾಲ್ಕು ಮಗ್ಗಗಳ ಶೆಡ್ಡು, ಹಿತ್ತಲಲ್ಲಿ ಬೋರು, ಎಲ್ಲಾ ಇದೆ. ಇಲ್ಲದಿದ್ದದ್ದು ನೀರಿನ ರಭಸ ಒಂದೇ. ಕಾಕಾರ ಹೆಂಡತಿ, ನಮ್ಮ ಕಾಕು, ನಲವತ್ತು ವರ್ಷ ರಾಟಿಯ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತಿದವರು. ಅವರ ಬಲಗಡೆಯ ಹೆಗಲು ಹಿಡಿದುಕೊಂಡುಬಿಟ್ಟಿತು. ತಂಬಿಗೆ ಎತ್ತಲು ಆಗದು ಎಂದು ಕಾಕಾ ಷವರ್ ಹಾಕಿಸಿದರು. ಮಾಳಿಗೆಯ ಮೇಲಿನ ಟಾಕಿ ಆಳೆತ್ತರದಲ್ಲೂ ಇಲ್ಲ, ಷವರಿನಿಂದ ನೀರು ಬೆವರಿನಂತೆ ಇಳಿಯಿತು. ಪ್ರೆಶರ್ ಟಾಕಿ ಹಾಕಿಸಿರಿ, ಪಂಪು ಅದರೊಳಗೆ ನೀರು ತುಂಬುತ್ತದೆ, ಒಳಗಿನ ಗಾಳಿ ಅದನ್ನು ಒತ್ತಿ ಹೊರಗೆ ನೂಕುತ್ತದೆ ಎಂದು ನಳ ಜೋಡಿಸುವವನು ಹೇಳಿ ಹೋದ. ಇಪ್ಪತ್ನಾಲ್ಕು ಲೀಟರಿನದು, ಅರವತ್ತರದು, ನೂರರದು ಇವೆಯಂತೆ. ಒಂದನ್ನು ಆರಿಸಿ ತರಬೇಕು. ಉಳಿದವರಿಗೆ ಅರ್ಧ ಗಂಟೆಯ ಕೆಲಸ. ಕಾಕಾಗೆ ಎರಡು ತಿಂಗಳು ಸಾಲಲಿಲ್ಲ!

ನಾನು ಜಮಖಂಡಿಯಲ್ಲಿ ಹೈಸ್ಕೂಲು ಮಾಸ್ತರ. ನನ್ನ ಹತ್ತಿರ ಒಂದು ಬೈಕೂ ಒಂದಿಷ್ಟು ಮರ್ಯಾದೆಯೂ ಇದ್ದವು. ಕಾಕಾಗೆ ಬೇಕಾಗಿದ್ದದ್ದು ಬೈಕು. ಮರ್ಯಾದೆ ಅದರ ಹಿಂದೆ ತಾನೇ ಹೋಯಿತು.

ಮೊದಲು ಹೋಗಿದ್ದು ಜಮಖಂಡಿಯ ಪೇಟೆಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯ ಅಂಗಡಿಗೆ. ಕಾಕಾ ಪ್ರತಿ ಟಾಕಿಯನ್ನೂ ಬೆರಳಿನಿಂದ ಬಡಿದು, ಕಿವಿ ಹಚ್ಚಿ ಕೇಳಿ, ಕೊನೆಗೆ, ಇದರ ನೀರಿನಲ್ಲಿ ಒಮ್ಮೆ ಜಳಕ ಮಾಡಿ ನೋಡಬಹುದೇ ಎಂದು ವಿಚಾರಿಸಿದರು. ಅಂಗಡಿಯವನು ನನ್ನ ಮುಖ ನೋಡಿದ. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ. ಅವನು ಆಗುವುದಿಲ್ಲ ಎಂದಾಗ ಕಾಕಾ ಅವನಿಗೆ ವ್ಯಾಪಾರದ ಪಾಠ ಹೇಳಿದರು.

“ನಾ ಬಟ್ಟಿ ಮಾರೂ ಮುಂದ ಗಿರಾಕಿ ಕಣ್ಣಮುಂದ ತೊಳದ ತೋರಸ್ತೀನಿ. ಬಣ್ಣ ಬಿಡತೈತೋ ಇಲ್ಲೋ ಅಂವಗ ಗೊತ್ತಾಗಬೇಕಲ್ಲಪಾ?”

ಇವರನ್ನು ಸಾಗಹಾಕಿದರೆ ಸಾಕೆಂದು ಅವನು ಹಿಂದೆ ಟಾಕಿ ಒಯ್ದವರ ಪಟ್ಟಿಯೊಂದನ್ನು ಬರೆದುಕೊಟ್ಟ. ನನ್ನ ಹಣೆಬರಹವನ್ನೇ ಬರೆದುಕೊಟ್ಟ ಎನ್ನಿ!

ಪಟ್ಟಿಯಲ್ಲಿ ಮೊದಲು ಒಬ್ಬ ವಕೀಲರು. ಬಂದ ಅತಿಥಿಗೆ ಕಾಲಿಗೆ ನೀರು ಕೊಡುವುದು ನಮ್ಮ ಕಡೆಯ ಪದ್ಧತಿ, ಆ ನೀರನ್ನು ತಲೆಗೂ ಹಾಕಿಕೊಳ್ಳುತ್ತೇನೆ ಎನ್ನುವವನಿಗೆ ಇಲ್ಲವೆನ್ನುವುದು ಹೇಗೆ? ಕಾಕಾ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಬಚ್ಚಲಿನಿಂದ ಎಣಿಕೆ ಶುರುವಾಯಿತು. ಒಂದು, ಎರಡು, ಮೂರು... ಮಗ್ಗದ ಸದ್ದಿನಲ್ಲಿ ಮಾತಾಡಿ ಬೆಳೆದ ಗಂಟಲು! ವಕೀಲರು ಓದುತ್ತಿದ್ದ ಪೇಪರು ಮಡಚಿಟ್ಟರು. ನೂರಾ ಹನ್ನೆರಡಕ್ಕೆ ಎಣಿಕೆ ಮುಗಿದು, ಎರಡೂ ಕಿವಿಯ ಹಿಂದೆ ನೊರೆ ಅಂಟಿಸಿಕೊಂಡು ಕಾಕಾ ಹೊರಗೆ ಬಂದರು. ನಿಮ್ಮ ಟಾಕಿ ಸಣ್ಣದು, ನಡುನಡುವೆ ಉಸಿರು ಹಿಡಿಯುತ್ತದೆ, ಕೋರ್ಟಿನಲ್ಲಿ ನೀವು ಹೀಗೆ ನಿಂತರೆ ಕೇಸು ಉಳಿದೀತೇ ಎಂದು ವಕೀಲರನ್ನೇ ಕೇಳಿದರು. ವಕೀಲರ ಹೆಂಡತಿ ನಕ್ಕರು. ವಕೀಲರು ನಗಲಿಲ್ಲ.

ಕಿವಿಯ ಹಿಂದೆ ಕೈಯಿಂದ ಒರೆಸಿಕೊಳ್ಳಲು ಏನಾಗಿತ್ತು ಎಂದು ಮೆಟ್ಟಿಲಿಳಿಯುತ್ತಾ ರೇಗಿದೆ. ಎಷ್ಟು ಎಣಿಸುವುದರೊಳಗೆ ನೊರೆ ಬರೀ ನೀರಿಗೆ ಹೋಗುತ್ತದೆ ಎನ್ನುವುದೇ ಲೆಕ್ಕ, ಕೈ ಹಚ್ಚಿದರೆ ಅದು ಪರೀಕ್ಷೆ ಹೇಗಾಗುತ್ತದೆ ಎಂದರು. ಆಮೇಲೆ ನನ್ನ ತಲೆಯನ್ನು ಆಸೆಯಿಂದ ನೋಡಿದರು.

“ಮಾಸ್ತರ, ನಿನಗ ಕೂದಲ ಅದಾವು. ಒಮ್ಮಿ ನೀ ನಿಂತ ನೋಡ್ತೀಯೇನು? ನನ್ನ ಬೋಳ ತಲಿಮ್ಯಾಲ ಲೆಕ್ಕ ಬರೋಬ್ಬರಿ ಸಿಗವಲ್ದು.”

ಮಗಳ ಮದುವೆ ಗೊತ್ತಾಗುವುದರಲ್ಲಿದೆ, ಕೂದಲಿಗೆ ಬಣ್ಣ ಹಚ್ಚಿಸಿದ್ದೇನೆ, ನಾನು ಕಂಡವರ ಬಚ್ಚಲಲ್ಲಿ ನಿಲ್ಲಬೇಕೆ? ಕಿಕ್ ಹೊಡೆದು ಬೈಕು ಚಾಲೂ ಮಾಡಿದೆ, ಅದೇ ನನ್ನ ಉತ್ತರ.

ಅಲ್ಲಿಂದ ಬೀಳಗಿ ತಾಲೂಕಿನ ಬಾಡಗಂಡಿ. ಕಬ್ಬು ಬೆಳೆಯುವ ದೊಡ್ಡ ರೈತರು, ಟಾಕಿಯೂ ದೊಡ್ಡದು, ಪಂಪು ಅದಕ್ಕಿಂತ ದೊಡ್ಡದು. ಕೊಟ್ಟಿಗೆಯ ಮಗ್ಗುಲಿನ ಕೋಣೆಯಲ್ಲಿ ಏಳರವರೆಗೆ ಎಣಿಕೆ ಕೇಳಿಸಿತು, ಆಮೇಲೆ ಬರೀ ಅಯ್ಯೋ ಅಪ್ಪಾ ಕೇಳಿಸಿತು. ಕಾಕಾ ಬೆನ್ನು ಕೆಂಪಗೆ ಮಾಡಿಕೊಂಡು ಬಂದು, ಇದರಲ್ಲಿ ಎಮ್ಮೆ ತೊಳೆಯಬೇಕು, ಮನುಷ್ಯರು ನಿಲ್ಲುವ ನೀರಲ್ಲ ಎಂದರು. ರೈತರು ಸಂಕೋಚದಿಂದ ತಲೆ ಕೆರೆದುಕೊಂಡರು.

“ಅಲ್ಲಿ ಎಮ್ಮೀನ ತೊಳೀತೀವ್ರಿ ಕಾಕಾರ. ನೀವು ಟಾಕಿಗಿ ಹಚ್ಚಿದ್ದ ನಳಾನ ಬೇಕು ಅಂದ್ರಿ.”

ಇಲ್ಲಿಗೆ ಮುಗಿದಿದ್ದರೆ ನಾನೂ ನಿಮ್ಮ ಜೊತೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಮುಧೋಳ ಬಾಕಿ ಇತ್ತು.

ಮುಧೋಳದಲ್ಲಿ ನಮ್ಮ ಹೊಸ ಬೀಗರು. ಮಗಳ ನಿಶ್ಚಿತಾರ್ಥವಾಗಿ ಹದಿನೈದು ದಿನ. ಅವರ ಹೊಸ ಮನೆಯಲ್ಲಿ ಅರವತ್ತು ಲೀಟರಿನ ಟಾಕಿ ಇದೆಯೆಂದು ನನ್ನ ಬಾಯಿಂದಲೇ ಜಾರಿತ್ತು. ಮದುವೆಯ ದಿನ ಗೊತ್ತು ಮಾಡಲು ಹೊರಟಾಗ, ಹಿರಿಯರು ಎಂದು ಕಾಕಾರನ್ನು ಕರೆದುಕೊಳ್ಳದೆ ವಿಧಿಯಿರಲಿಲ್ಲ. ಅಲ್ಲಿ ಜಳಕದ ಮಾತೆತ್ತಬಾರದು ಎಂದು ಕೈ ಮುಗಿದು ಬೇಡಿಕೊಂಡೆ. ತಲೆಯಾಡಿಸಿದರು. ಅವರ ಹೊಟ್ಟೆ ಎಂದಿಗಿಂತ ತುಸು ದಪ್ಪ ಕಂಡಿತು. ಅಂಗಿಯೊಳಗೆ ಟವೆಲ್ಲು ಸುತ್ತಿಕೊಂಡಿದ್ದಾರೆಂದು ನನಗೇನು ಗೊತ್ತು?

ಬೀಗರ ಹೊಸ್ತಿಲ ಹೊರಗೆ ನಿಂತು ಕಾಕಾ, ಒಳಗೆ ಆಮೇಲೆ ಬರುತ್ತೇನೆ, ಮೊದಲು ಜಳಕವಾಗಬೇಕು ಎಂದರು. ನಮ್ಮ ಕಡೆ ಹೊಸ್ತಿಲಾಚೆ ನಿಂತು ಹಾಗೆ ಕೇಳುವವರು ಯಾರು? ಮಣ್ಣಿಗೆ ಹೋಗಿ ಬಂದವರು! ಬೀಗಿತ್ತಿ ಕೈಯಲ್ಲಿದ್ದ ನೀರಿನ ತಂಬಿಗೆ ಕೆಳಗಿಟ್ಟು ಯಾರು ಹೋದರೆಂದು ಸಣ್ಣ ದನಿಯಲ್ಲಿ ಕೇಳಿದರು. ಬೀಗರು ಟಿ.ವಿ. ಆರಿಸಿದರು. ಪಕ್ಕದ ಮನೆಯಾಕೆ ಸೆರಗನ್ನು ಆಗಲೇ ಕಣ್ಣಿಗೆ ಹಚ್ಚಿಕೊಂಡು ಬಂದರು. ಕಾಕಾ ಎಲ್ಲರನ್ನೂ ಸಮಾಧಾನದಿಂದ ನೋಡಿದರು.

“ಎಲ್ಲಾರೂ ಆರಾಮ ಅದಾರ್ರಿ. ನಿಮ್ಮ ಟಾಕಿ ಅರವತ್ತ ಲೀಟರಿಂದ ಹೌದಲ್ರಿ?”

ಬಚ್ಚಲಿನಿಂದ ಎಣಿಕೆ ಶುರುವಾಯಿತು. ಪಡಸಾಲೆಯಲ್ಲಿ ಬೀಗರು ನನ್ನನ್ನೂ ನಾನು ನೆಲವನ್ನೂ ನೋಡುತ್ತಾ ಕೂತೆವು. ಇಪ್ಪತ್ತೊಂಬತ್ತು, ಮೂವತ್ತು... ಇಂಥ ಮನೆತನದಲ್ಲಿ ಸೊಸೆಯನ್ನು ಕೇಳಿದೆವೇ ಎಂದು ಅವರು ಯೋಚಿಸುತ್ತಿದ್ದಾರೆ ಎನಿಸಿತು. ನಾನು ಮುಂದಕ್ಕೆ ಬಾಗಿ, ಹಣೆಯ ಪಕ್ಕ ಬೆರಳು ತಿರುಗಿಸಿ ತೋರಿಸಿದೆ.

“ಮನಸಿಗೆ ಹಚ್ಕೋಬ್ಯಾಡ್ರಿ. ಅವರದೊಂದ ನಟ್ ಸಡ್ಲ ಐತಿ. ನಮ್ಮ ಮನ್ಯಾಗ ಉಳದಾವ್ರೆಲ್ಲಾ ಸರಿ ಅದೀವ್ರಿ.”

ಮೂವತ್ಮೂರು. ಮೂವತ್ನಾಲ್ಕು. ಅಲ್ಲಿಗೆ ಎಣಿಕೆ ನಿಂತಿತು. ನಳ ಬಂದಾಯಿತು. ಬಚ್ಚಲ ಬಾಗಿಲು ಎಷ್ಟು ತೆಳುವಾಗಿದೆಯೆಂದು ನಾನು ಆಗ ನೋಡಿದೆ. ಕಾಕಾ ತಲೆ ತುಂಬಾ ನೊರೆಯೊಂದಿಗೇ ಅಂಗಿ ಹಾಕಿಕೊಂಡು ಹೊರಗೆ ಬಂದರು. ಚಹಾ ಕುಡಿದರು, ಮದುವೆಯ ದಿನಕ್ಕೆ ಹೂಂ ಎಂದರು, ಟಾಕಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ದಾರಿಯುದ್ದಕ್ಕೂ ಬೈಕಿನ ಮೇಲೆ ನಾನು ಬೈಯುತ್ತಾ ಬಂದೆ, ಹಿಂದೆ ಗಾಳಿಗೆ ಅವರ ತಲೆಯ ನೊರೆ ಒಣಗುತ್ತಾ ಬಂತು. ಬನಹಟ್ಟಿಯಲ್ಲಿ ಇಳಿದು, ನಿನಗೆ ತ್ರಾಸವಾಯಿತು ಎಂದಷ್ಟೇ ಹೇಳಿ ಒಳಗೆ ಹೋದರು.

ಆಮೇಲೆ ಮೂರು ವಾರ ಅವರ ಫೋನಿಲ್ಲ. ನನಗೆ ಖುಷಿಯಾಯಿತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನಿಜವಾಗಿ ಖುಷಿಯೇ ಆಯಿತು.

ಮದುವೆಯ ಕಾರ್ಡು ಕೊಡಲು ಹೋದಾಗ ಕಾಕಾ ಮಗ್ಗದ ಶೆಡ್ಡಿನಲ್ಲಿದ್ದರು, ಮನೆಯಲ್ಲಿ ಕಾಕು ಇದ್ದರು. ಕೊನೆಗೆ ಯಾವ ಟಾಕಿ ತಂದಿರಿ ಎಂದು ನಗುತ್ತಾ ಕೇಳಿದೆ. ಯಾವುದನ್ನೂ ತಂದಿರಲಿಲ್ಲ. ಕಾಕು ಕಾರ್ಡನ್ನು ಎಡಗೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ತಾವು ಬರುತ್ತಾರಂತೆ, ಕಾಕಾ ಬರುವುದಿಲ್ಲವಂತೆ. ಬಂದರೆ ಬೀಗರ ಎದುರು ನನ್ನ ಮರ್ಯಾದೆ ಕಡಿಮೆಯಾಗುತ್ತದಂತೆ.

ಕಾಕು ನೆಲ ನೋಡುತ್ತಾ ಮೆಲ್ಲಗೆ ಹೇಳಿದರು.

“ಎಂಟ ತಿಂಗಳಾತಪಾ, ಅವರ ನನ್ನ ತಲಿ ತೊಳ್ಯಾಕತ್ತು. ಎಡಗೈಲೆ ಹೆಂಗರ ಶಾಂಪೂ ಹಚ್ಕೋತೀನಿ, ನೀರ ಹಾಕ್ಕೊಳ್ಳಾಕ ಆಗವಲ್ದು. ಸೊಸಿ ಬರ್ತೀನಿ ಅಂತಾಳ, ನನಗ ನಾಚಿಗಿ. ಅವರ ಮುಂದ ಕುಂಡ್ರಾಕೂ ನಾಚಿಗೀನ. ಒಂದಿನ ಅತ್ತಬಿಟ್ಟೆ, ನನ್ನ ಜಳಕ ನಾನ ಮಾಡ್ಕೊಂಡ್ರ ಸಾಕು ಅಂತ. ಅವತ್ತಿಂದ ಟವೆಲ್ಲ ಹಾಕ್ಕೊಂಡ ಹೊಂಟ್ರು. ಎಲ್ಲಿ ಹೋದ್ರೂ ಕೈ ಹಿಂದ ಕಟಗೊಂಡ ನಿಂದರ್ತಾರಂತ. ನನ್ನ ಕೈ ಏಳೂದಿಲ್ಲಲ್ಲ, ಅದಕ್ಕ.”

ಕಿವಿಯ ಹಿಂದಿನ ಆ ನೊರೆ! ಅದಕ್ಕೆ ನಾನು ಎಷ್ಟು ನಕ್ಕಿದ್ದೆ, ಎಷ್ಟು ಜನರೆದುರು ಅಭಿನಯಿಸಿ ತೋರಿಸಿದ್ದೆ. ಕೂದಲಿರುವ ತಲೆಯೊಂದನ್ನು ಅವರು ನನ್ನಲ್ಲಿ ಒಂದೇ ಒಂದು ಸಲ ಕೇಳಿದ್ದರು. ಈ ಸಲ ನಾಚಿಕೆ ಕಾಕಾರಿಂದ ಬಂದದ್ದಲ್ಲ, ಪೂರ್ತಿ ನನ್ನದೇ.

ಆ ರವಿವಾರ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಮುಧೋಳಕ್ಕೆ ಹೋದೆ. ಹೊಸ್ತಿಲು ದಾಟಿ ಒಳಗೆ ಬಂದ ಮೇಲೆಯೇ ಜಳಕ ಕೇಳಿದೆ, ಅಷ್ಟು ಕಲಿತಿದ್ದೆ. ಬೀಗರು ಬೀಗಿತ್ತಿಯ ಮುಖ ನೋಡಿದರು. ಆ ಮನೆಯಲ್ಲಿ ಇನ್ನೊಂದು ನಟ್ಟೂ ಸಡಿಲಾಯಿತು ಎಂದುಕೊಂಡಿರಬೇಕು! ನಾನು ಎಲ್ಲವನ್ನೂ ಹೇಳಿ, ಸಡಿಲಾಗಿದ್ದು ಕಾಕಾರದಲ್ಲ, ನನ್ನದು ಎಂದೆ. ಬೀಗಿತ್ತಿ ಏನೂ ಅನ್ನದೆ ಎದ್ದು ಹೋಗಿ ಬಚ್ಚಲಿನ ಒಳಗೆ ದೀಪ ಹಚ್ಚಿದರು.

ಬಣ್ಣದ ಕೂದಲಿಗೆ ಶಾಂಪೂ ಹಚ್ಚಿ, ಕೈ ಹಿಂದೆ ಕಟ್ಟಿ, ಷವರಿನ ಕೆಳಗೆ ನಿಂತೆ. ನೊರೆ ಕಣ್ಣಿಗೆ ಇಳಿದಾಗೆಲ್ಲ ಕೈ ತಾನಾಗಿ ಮೇಲೇಳಲು ನೋಡುತ್ತದೆ. ಬಿಗಿಯಾಗಿ ಹಿಡಿದುಕೊಂಡೆ. ಪಡಸಾಲೆಗೆ ಕೇಳುವಂತೆ ಎಣಿಸಿದೆ. ಮೂವತ್ನಾಲ್ಕಕ್ಕೆ ನಿಲ್ಲದೆ ಮುಂದೆ ಎಣಿಸಿದೆ. ನೀರು ಎಲ್ಲೂ ತಡೆಯದೆ, ಎಲ್ಲೂ ಚುಚ್ಚದೆ ಒಂದೇ ಸಮ ಬರುತ್ತಿತ್ತು. ಹೊರಗೆ ಬಂದು, ತಲೆಯಿಂದ ನೀರು ಸುರಿಯುತ್ತಿದ್ದಂತೆಯೇ ಬೀಗರೆದುರು ನಿಂತು ಕಾಕಾಗೆ ಫೋನು ಹಚ್ಚಿದೆ. ಆ ಕಡೆ ಮಗ್ಗದ ಸದ್ದು.

“ಕಾಕಾ, ಬೀಗರ ಮನ್ಯಾಗ ಅದೇನ್ರಿ. ಅರವತ್ತ ಲೀಟರಿಂದು. ಕೈ ಎತ್ತಲಿಲ್ರಿ.”

ಮಗ್ಗದ ಸದ್ದು ನಿಂತಿತು.

“ಕಿವಿ ಹಿಂದಿಂದು?”

“ಹೋತ್ರಿ. ತೊಂಬತ್ತೊಂದಕ್ಕ ಪೂರಾ ಹೋತು.”

ಕ್ಷಮಿಸಿರಿ ಎನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ಅವರೇ ಮಾತಾಡಿದರು.

“ಮಾಸ್ತರ, ಮೊದಲ ತಲಿ ಒರಸ್ಕೋ. ಹಸೀ ತಲೀಲೆ ಬೈಕ್ ಹೊಡೀಬ್ಯಾಡ, ನೆಗಡಿ ಆಗತೈತಿ.”