ಯಜಮಾನರ ತಾಕತ್ತಿನ ಪುಡಿ

ಪಿರಿಯಾಪಟ್ಟಣದ ಕಡೆ ಕಾಂಪೌಂಡರ್ ಆಗಿದ್ದವನು ಗೊಂದಲವನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ; ಅದೇ ಸೀಸೆ ಹಿಡಿದುಕೊಂಡು ಬಾಗಿಲಿಗೆ ಬರುತ್ತಿತ್ತು. ಐವತ್ತರ ದಶಕದಲ್ಲಿ ಬೆಟ್ಟದಪುರದ ಹೊಗೆಸೊಪ್ಪಿನ ಯಜಮಾನರ ವಿಷಯದಲ್ಲಂತೂ ನನಗೂ ನಮ್ಮ ಡಾಕ್ಟರಿಗೂ ತಲೆ ಕೆಟ್ಟುಹೋಯಿತು.

ಅವರಿಗೆ ಕರುಳಿನ ಕ್ಯಾನ್ಸರ್. ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಆಗಿ, ಊರವರು ಕರೆಂಟ್ ಇಡುವುದು ಎನ್ನುವ ವಿಕಿರಣ ಚಿಕಿತ್ಸೆ ಅರ್ಧ ಮುಗಿದಿತ್ತು. ಭೇದಿ, ಬಾಯಿಹುಣ್ಣು, ಊಟ ಸೇರದು. ಮೈ ತುಂಬಿಕೊಂಡು ಬಂದರೆ ಮಾತ್ರ ಮಿಕ್ಕ ಕರೆಂಟು ಎಂದು ಊರಿಗೆ ಕಳಿಸಿದ್ದರು.

೧. ಎಣ್ಣೆ

ಆಸ್ಪತ್ರೆಯವರು ತಾಕತ್ತಿಗೆಂದು ಒಂದು ಸೀಸೆ ಎಣ್ಣೆ ಕೊಟ್ಟಿದ್ದರು. ಎಣ್ಣೆ ಎಂದಮೇಲೆ ತಿಕ್ಕುವುದಕ್ಕೇ ಇರಬೇಕೆಂದು ಯಜಮಾನರ ಹೆಂಡತಿ ಅಮ್ಮನವರು ದಿನಾ ಅವರ ಕಾಲಿಗೆ ತಿಕ್ಕಿದರು. ನಾನು ಹೋದಾಗ ದೂರು.

"ಕಾಂಪೌಂಡ್ರೇ, ಅದೇನ್ ಎಣ್ಣೆನೋ! ಕೇರಿ ಬೆಕ್ಕೆಲ್ಲ ಬಂದು ಇವ್ರ ಕಾಲ್ ನೆಕ್ತವೆ ಕಣ್ರೀ!"

ಸೀಸೆ ಓದಿದೆ. ಮೀನೆಣ್ಣೆ! ಲಿಂಗ ಕಟ್ಟಿದ ಮನೆ. ಬಾಯಿ ಬಿಡಲೋ ಬೇಡವೋ ತಿಳಿಯಲಿಲ್ಲ. ಯಜಮಾನರು ಕಣ್ಣು ಮುಚ್ಚಿಕೊಂಡೇ ಅಂದರು: "ಬುಡ್ರೀ, ಯಾರಿಗಾದ್ರೂ ತಾಕತ್ತು ಬರ್ಲಿ."

೨. ಹಳದಿ

ವಿಷಯ ಕೇಳಿದ ಡಾಕ್ಟರು ಎಣ್ಣೆ ನಿಲ್ಲಿಸಿ ಬಿ ಕಾಂಪ್ಲೆಕ್ಸ್ ಮಾತ್ರೆ ಕೊಟ್ಟರು. ಮಾರನೆಯ ದಿನವೇ ಅಮ್ಮನವರು ಗಾಡಿ ಕಟ್ಟಿಸಿಕೊಂಡು ಬಂದರು.

"ಇವ್ರ ಉಚ್ಚೆ ಅರಿಶ್ನ ಕದಡ್ದಂಗದೆ. ಕಾಮಾಲೆ! ಉಪ್ಪು, ತುಪ್ಪ ಎಲ್ಲಾ ನಿಲ್ಸಿವ್ನಿ."

"ಅಯ್ಯೋ, ಅದು ಮಾತ್ರೆ ಬಣ್ಣ ಅಮ್ಮಾ. ತುಪ್ಪ ಹಾಕಿ" ಅಂದೆ.

"ಅಂಗಾರೆ ನೀವೊಂದ್ ನುಂಗಿ, ನೋಡಾನ."

ನುಂಗಿದೆ. ನನಗೂ ಹಳದಿಯೇ ಹೋಯಿತು. ಅಮ್ಮನವರು ಒಪ್ಪಿ ತುಪ್ಪ ಹಾಕಿದರು. ಮನೆಗೆ ಹೋಗಿ ನಗುತ್ತಾ ಇದನ್ನೆಲ್ಲ ಹೇಳಿದೆ. ನನ್ನ ಹೆಂಡತಿ ನಗಲಿಲ್ಲ. ಆ ವಾರವೆಲ್ಲ ನನಗೆ ಉಪ್ಪಿಲ್ಲದ ಗಂಜಿ.

೩. ಪುಡಿ

ಕೊನೆಗೆ ಡಾಕ್ಟರು ಹಾಲಿಗೆ ಬೆರೆಸುವ ತಾಕತ್ತಿನ ಪುಡಿ ತರಿಸಿಕೊಟ್ಟರು. ಡಬ್ಬಿ ಮೇಲೆ ಡಬ್ಬಿ ಖಾಲಿಯಾದರೂ ಯಜಮಾನರು ಒಣಗುತ್ತಲೇ ಇದ್ದರು. ಇವರು ಉಳಿಯುವುದಿಲ್ಲವೇನೋ ಎಂದು ನನಗೆ ಸಂಕಟವಾಯಿತು. ನಾನೂ ಡಾಕ್ಟರೂ ಹೋಗಿ ನೋಡಿದರೆ ಜಗುಲಿ ತುಂಬ ಯಜಮಾನರನ್ನು ವಿಚಾರಿಸಲು ಬಂದ ನೆಂಟರು. ಎಲ್ಲರ ಕೈಯಲ್ಲೂ ಲೋಟ, ಎಲ್ಲರ ಮೀಸೆಗೂ ನೊರೆ.

"ಔಷಧೀನ ನೆಂಟರಿಗೆ ಹಂಚೋದೇನಮ್ಮಾ?" ಡಾಕ್ಟರು ರೇಗಿದರು.

"ಮನೆಗ್ ಬಂದೋರ್ನ ಬುಟ್ಟು ಇವ್ರೊಬ್ರೇ ಎಂಗ್ ಕುಡ್ದಾರು ಸ್ವಾಮಿ?"

ಡಾಕ್ಟರು ನೆಂಟರನ್ನೆಲ್ಲ ಎಬ್ಬಿಸಿ ಕಳಿಸಿ, ಯಜಮಾನರ ಮುಂದೆ ಲೋಟ ಇಟ್ಟರು. ಅವರು ಗೋಡೆ ಕಡೆ ತಿರುಗಿಕೊಂಡರು.

"ಒಬ್ನೇ ಕುಡಿಯಾಕೆ ನಾನೇನು ಕಾಯ್ಲೆಯವನಾ?"

ಡಾಕ್ಟರು ನನ್ನ ಕೈಗೂ ಒಂದು ಲೋಟ ಕೊಟ್ಟರು. ನಾನು ಕುಡಿದೆ. ಯಜಮಾನರು ಓರೆಗಣ್ಣಿನಲ್ಲಿ ನೋಡಿ, ತಾವೂ ಕುಡಿದರು. ಅಂದಿನಿಂದ ಸಂಜೆಯಾದರೆ ಅವರ ಎದುರು ಕೂತು ಪುಡಿಹಾಲು ಕುಡಿಯುವುದೇ ನನ್ನ ಡ್ಯೂಟಿ.

ಅವರು ನಿಧಾನವಾಗಿ ಮೈ ತುಂಬಿಕೊಂಡರು. ನನ್ನ ಷರಟಿನ ಗುಂಡಿ ಹಾಕಲಾಗುತ್ತಿರಲಿಲ್ಲ.

ಮಿಕ್ಕ ಕರೆಂಟಿಗೆ ಅವರ ಜೊತೆ ನಾನೇ ದೊಡ್ಡಾಸ್ಪತ್ರೆಗೆ ಹೋದೆ. ಅಲ್ಲಿ ತೂಕ ನೋಡಿ, "ಸಾಕು, ಇವತ್ತೇ ಕರೆಂಟ್ ಇಡೋಣ" ಅಂದರು. ನನಗೆ ಕಣ್ಣು ತುಂಬಿ ಬಂತು. ಕರೆಂಟಿನ ಕೋಣೆಯ ಬಾಗಿಲಲ್ಲಿ ನರ್ಸು ನನ್ನನ್ನು ತಡೆದಳು. ಯಜಮಾನರು ನನ್ನ ಕೈ ಬಿಡಲಿಲ್ಲ.

"ನಾನೊಬ್ನೇ ಎಂಗೆ ಇಡಿಸ್ಕೊಳ್ಲವ್ವಾ? ಇವ್ರಿಗೂ ಒಸಿ ಇಡು."